ತಳ್ಳಿಹಾಕಿದ ಮೇಲೂ ನನ್ನ ವಾಕ್ಯ ನಿಮ್ಮ ಬಳಿ ಏಕಿದೆ?

ಆನ್‌ಲೈನ್‌ನಲ್ಲಿ ಚಿಲ್ಲರೆ ಕೆಲಸ ಹಂಚುವ ತಾಣದ ದೂರು ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಈ ಕಥೆಯನ್ನು ಮೊದಲು ಹೇಳಿದವಳು ನನ್ನ ಓರಗಿತ್ತಿ, ಹೋದ ಭಾನುವಾರ ಮಧ್ಯಾಹ್ನ, ಒಣಗಿದ ಬಟ್ಟೆ ಮಡಚುತ್ತಾ. ತಾನು ಹೇಳುತ್ತಿರುವುದು ನನ್ನದೇ ಕಥೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಿಮಗೆ ಪುರುಸೊತ್ತು ಕಡಿಮೆ, ಆದ್ದರಿಂದ ದೂರನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ತಾಣದಲ್ಲಿ ಕೆಲಸ ಕೊಡುವ ಗಿರಾಕಿಯೊಬ್ಬ ನನ್ನ ಕೆಲಸವನ್ನೆಲ್ಲ ಕಳಪೆಯೆಂದು ತಳ್ಳಿಹಾಕಿ, ಆಮೇಲೆ ಅದನ್ನೇ ಬಳಸಿಕೊಂಡಿದ್ದಾನೆ. ಅವನಿಗೆ ನೀವು ಏನೂ ಅನ್ನಲಿಲ್ಲ. ನನ್ನ ಅಕೌಂಟನ್ನು ಮಾತ್ರ, ತಿರಸ್ಕಾರ ಹೆಚ್ಚಾಯಿತೆಂದು, ಈ ತಿಂಗಳ ಕೊನೆಗೆ ಮುಚ್ಚುವುದಾಗಿ ನೋಟಿಸು ಕಳಿಸಿದ್ದೀರಿ.

ನಾವಿಬ್ಬರೂ ಒಂದೇ ಮನೆಯ ಸೊಸೆಯರು. ಊಟದ ಮೇಜಿನ ಎರಡು ತುದಿಯಲ್ಲಿ ಕೂತು ನಿಮ್ಮ ಕೆಲಸ ಮಾಡುತ್ತೇವೆ. ಫೋಟೊ ನೋಡಿ ಅದರಲ್ಲೇನಿದೆ ಎಂದು ಒಂದು ವಾಕ್ಯ ಬರೆಯುವುದು ನನ್ನ ಪಾಲಿನದು. ಬೇರೆಯವರು ಬರೆದದ್ದನ್ನು ತಿದ್ದುವುದು ಅವಳದು. ಅವಳ ರೇಟಿಂಗ್ ಕಂಡಾಗಲೆಲ್ಲ ನನ್ನ ಹೊಟ್ಟೆಗೆ ಮೆಣಸಿನಪುಡಿ ಬಿದ್ದ ಹಾಗಾಗುತ್ತಿತ್ತು, ಮುಚ್ಚಿಡುವುದೇಕೆ? ಹೊಸ ಗಿರಾಕಿ ಬಂದರೆ ಅವಳು ಒಂದೇ ಒಂದು ಕೆಲಸ ಮಾಡಿಕೊಟ್ಟು, ಒಪ್ಪಿಗೆ ಬರುವವರೆಗೆ ಕೈಕಟ್ಟಿ ಕೂರುತ್ತಾಳೆ. ನನಗೂ ಹಾಗೇ ಮಾಡಲು ಹೇಳಿದ್ದಳು. ಕಿರಿಯವಳಿಂದ ನಾನು ಕಲಿಯಬೇಕೇ? ಅವಳನ್ನು ಹಿಂದೆ ಹಾಕುವ ಆತುರದಲ್ಲಿ, ಗುರುತು ಪರಿಚಯವಿಲ್ಲದ ಈ ಗಿರಾಕಿಯ ಫೋಟೊಗಳನ್ನೆಲ್ಲ ನಾನೊಬ್ಬಳೇ ಬಾಚಿಕೊಂಡೆ. ಕೊನೆಯದನ್ನು ಕಳಿಸಿ ಮುಖ ತೊಳೆದು ಬರುವಷ್ಟರಲ್ಲಿ ಎಲ್ಲವೂ ತಿರಸ್ಕಾರ. ಕಾರಣ, ಗುಣಮಟ್ಟ ಸಾಲದು. ತಿರಸ್ಕಾರವಾದರೆ ಕೂಲಿಯಿಲ್ಲ, ರೇಟಿಂಗೂ ಇಳಿಯುತ್ತದೆ. ಅಷ್ಟನ್ನೂ ಅಷ್ಟು ಬೇಗ ಓದಿದ ಪುಣ್ಯಾತ್ಮನ ಕಣ್ಣಿನ ಮೇಲೂ ನನಗೆ ಅಸೂಯೆಯೇ.

ಭಾನುವಾರ ಅತ್ತೆಯೂ ಪಕ್ಕದ ಮನೆಯ ಟೈಲರಮ್ಮನೂ ಜೊತೆಗಿದ್ದರು. ಟೈಲರಮ್ಮ ನಿಮ್ಮ ತಾಣಕ್ಕೆ ಹೊಸದಾಗಿ ಸೇರಿದವರು. ಓರಗಿತ್ತಿ ತನಗೆ ತಿದ್ದಲು ಬಂದ ವಾಕ್ಯಗಳನ್ನು ಹೊಗಳತೊಡಗಿದಳು. ಯಾರೋ ಮಹಾತಾಯಿ ಬರೆದಿದ್ದಾಳೆ, ಒಂದಕ್ಷರ ಮುಟ್ಟುವ ಹಾಗಿಲ್ಲ, ಸುಮ್ಮನೆ ಸರಿ ಎಂದು ಒತ್ತಿದರೆ ಸಾಕು ಎಂದಳು. ನನ್ನ ಬಗ್ಗೆ ಎಂದಾದರೂ ಹೀಗೆ ಅಂದದ್ದುಂಟೇ? ಆ ಮಹಾತಾಯಿಯ ಮೇಲೆ ಎಂಥ ಉರಿ ಬಂತೆಂದರೆ, ಮಾವನ ಅಂಗಿಯನ್ನು ಮುದ್ದೆ ಮಾಡಿ ಇಟ್ಟೆ. ಅಷ್ಟರಲ್ಲಿ ಅವಳು ಒಂದನ್ನು ಓದಿದಳು: "ಬಾಗಿಲಿಗೆ ಬೆನ್ನು ಮಾಡಿ ನಿಂತ ಕುರ್ಚಿ, ಯಾರ ಮೇಲೋ ಮುನಿಸಿಕೊಂಡ ಹಾಗಿದೆ."

ಅದು ನಾನು ಬರೆದ ಕುರ್ಚಿ. ಅಷ್ಟು ಹೊತ್ತು ನಾನು ಕರುಬಿದ್ದು ನನ್ನನ್ನೇ ಕಂಡು.

ಫೋನು ತೆಗೆದು, ತಿರಸ್ಕಾರದ ಕೆಂಪು ಗುರುತು ಹೊತ್ತ ಅದೇ ವಾಕ್ಯವನ್ನು ತೋರಿಸಿದೆ. ಅವಳಿಗೆ ತಿದ್ದಲು ಕೊಟ್ಟವನೂ ಅದೇ ಗಿರಾಕಿ.

"ಅಯ್ಯೋ ಅಕ್ಕ, ಆ ಮಹಾತಾಯಿ ನೀವೇನಾ?" ಎಂದಳು.

ಅತ್ತೆ ಎರಡೂ ಫೋನುಗಳನ್ನು ಅಕ್ಕಪಕ್ಕ ಹಿಡಿದು ನೋಡಿ, "ಬೇಡ ಅಂದೋನು ಬಿಟ್ಟು ಹೋಗಬೇಕು ತಾನೆ? ಬೈದು ಬುಟ್ಟಿಗೆ ಹಾಕ್ಕೊಂಡು ಹೋದನಾ?" ಎಂದರು.

ಅಂದೇ ಸಂಜೆ ಇದೇ ಪ್ರಶ್ನೆಯನ್ನು ನಿಮ್ಮ ವಿಭಾಗಕ್ಕೆ ಬರೆದೆ. ತಿರಸ್ಕರಿಸುವುದು ಗಿರಾಕಿಯ ಹಕ್ಕು ಎಂದು ಉತ್ತರ ಬಂತು. ಎಂಥ ಭಾಗ್ಯವಂತ, ಸ್ವಾಮಿ. ನನ್ನ ಒಂದೊಂದು ತಪ್ಪೂ ನನ್ನ ಹೆಸರಿನ ಪಕ್ಕ ಎಲ್ಲರಿಗೂ ಕಾಣುತ್ತದೆ. ಅವನು ಎಷ್ಟು ಜನರನ್ನು ತಳ್ಳಿಹಾಕಿದ್ದಾನೆ ಎಂಬುದು ನಿಮಗೊಬ್ಬರಿಗೇ ಗೊತ್ತು. ಕೂಲಿ ಕೊಡದೆ ಕೆಲಸ ಪಡೆದು, ಮರ್ಯಾದೆಯನ್ನೂ ಪೂರ್ತಿ ಉಳಿಸಿಕೊಳ್ಳುವ ಇಂಥ ಬಾಳು ನಮಗೂ ಒಂದು ದಿನ ಸಿಗಬಾರದೇ?

ಆ ತಿರಸ್ಕಾರಗಳನ್ನು ರದ್ದು ಮಾಡಿ. ಬೇಡವೆಂದ ಕೆಲಸವನ್ನು ಬಳಸದಂತೆ ತಡೆಯಿರಿ. ನಮ್ಮ ರೇಟಿಂಗ್ ತೋರಿಸುವ ಹಾಗೆಯೇ ಗಿರಾಕಿಯ ತಿರಸ್ಕಾರಗಳನ್ನೂ ಬಹಿರಂಗವಾಗಿ ತೋರಿಸಿ.

ಇನ್ನು ಕಥೆ ಕೇಳಿದವರ ಸುದ್ದಿ. ಮರುದಿನ ಬೆಳಿಗ್ಗೆ ಟೈಲರಮ್ಮ ತಾವು ಹಿಡಿದಿದ್ದ ಅದೇ ಗಿರಾಕಿಯ ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತರು. ಓರಗಿತ್ತಿ ನನ್ನ ವಾಕ್ಯಗಳನ್ನೆಲ್ಲ ಸರಿ ಎಂದು ಒತ್ತದೆ ಅವನಿಗೇ ವಾಪಸು ಕಳಿಸಿ, ಪ್ರತಿಯೊಂದರ ಕೆಳಗೂ 'ಇದು ನಮ್ಮಕ್ಕನದು, ಮೊದಲು ಅವರನ್ನು ಕೇಳಿ' ಎಂದು ಬರೆದಳು. ಗಿರಾಕಿ ಅವಳನ್ನೂ ತಳ್ಳಿಹಾಕಿದ. ಮಧ್ಯಾಹ್ನದೊಳಗೆ ಅವಳ ರೇಟಿಂಗ್ ನನ್ನದಕ್ಕಿಂತ ಕೆಳಗಿತ್ತು. ಇಷ್ಟು ದಿನ ನಾನು ಬಯಸಿದ್ದು ಅದನ್ನೇ. ದಯವಿಟ್ಟು ಮೊದಲು ಅವಳದನ್ನು ಸರಿಮಾಡಿ, ಆಮೇಲೆ ನನ್ನದು ನೋಡಿ.

ಇಂತಿ,
ಮೇಜಿನ ಈ ತುದಿಯಲ್ಲಿ ತಲೆ ಎತ್ತಲಾಗದೆ ಕೂತಿರುವ
ಹಿರಿಯ ಸೊಸೆ