ಬ್ಯಾಟರಿ ನನ್ನ ಬ್ಯಾಗಿನಲ್ಲಿದೆ

ಅಪ್ಪಾ,

ನಾನೇ ಆರಿಸಿ ತಂದ ಗರಗಸದಿಂದ ನಿಮಗೇನಾದರೂ ಆಗಿಬಿಟ್ಟರೆ ಅಂತ ರಾತ್ರಿಯಿಂದ ಅದೇ ಯೋಚನೆ.

ನೀವು ಕೇಳಿದ ಮರ ಕೊಯ್ಯೋ ಚೈನ್ ಗರಗಸ ಅಡುಗೆಮನೆ ಮೇಜಿನ ಮೇಲಿದೆ. ಪೆಟ್ರೋಲಿನದು ಬೇಡ ಅಂತ ಬ್ಯಾಟರಿಯದನ್ನೇ ತಂದೆ. ಅಪರೂಪಕ್ಕೊಮ್ಮೆ ಯಾರದೋ ಅಂಗಳದ ಕೊಂಬೆ ಕತ್ತರಿಸೋಕೆ ಇಷ್ಟು ಸಾಕು. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕಿಲ್ಲ, ತೂಕ ಕಮ್ಮಿ, ಕೊಯ್ಯುವಾಗ ಗರಗಸ ಹಿಂದಕ್ಕೆ ಚಿಮ್ಮಿದರೆ ಚೈನ್ ತಾನೇ ನಿಲ್ಲುತ್ತೆ. "ಇದೇನೇ, ತರಕಾರಿ ಹೆಚ್ಚೋಕೆ ತಂದ್ಯಾ?" ಅಂತ ನೀವು ನಗೋದು ಈಗಲೇ ಕೇಳಿಸ್ತಿದೆ. ನಗಿ, ಪರವಾಗಿಲ್ಲ.

ದಪ್ಪ ಕೈಗವಸು, ಕನ್ನಡಕ ಪಕ್ಕದಲ್ಲೇ ಇವೆ. ಮೂಲೆಮನೆ ಮೇಷ್ಟ್ರು ಕೊಂಬೆ ಕಡಿಯೋಕೆ ಕರೆಯಲು ಬಂದರೆ, ಅವರ ಮರ ಎಲ್ಲಿಗೂ ಓಡಿಹೋಗಲ್ಲ ಅಂತ ಹೇಳಿ. ಏಣಿ ಮುಟ್ಟಬೇಡಿ.

ಬ್ಯಾಟರಿ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ. ಬೈಯೋದಿದ್ದರೆ ಸಂಜೆ ಬೈಯಿರಿ. ನಾನು ಆಫೀಸಿನಿಂದ ಬಂದ ಮೇಲೆ ಮೊದಲು ಡಾಕ್ಟರ ಹತ್ತಿರ ಹೋಗೋಣ, ಬ್ಯಾಟರಿ ಆಮೇಲೆ.

ಯಾಕೆ ಅಂತ ನಿಮಗೂ ಗೊತ್ತು. ಈಚೆಗೆ ಟೀ ಲೋಟಾನ ಎರಡೂ ಕೈಯಲ್ಲಿ ಹಿಡೀತೀರಿ. ಕೇಳಿದರೆ ಚಳಿ ಅಂತೀರಿ, ಬಿಸಿಲಲ್ಲಿ ಕೂತಿದ್ದರೂ ಚಳಿಯೇ. ನಾನೂ ಹೂಂ ಅಂತೀನಿ. ಬಾಯಿಬಿಟ್ಟರೆ ನೀವು ಹೌದು ಅಂದುಬಿಡ್ತೀರೇನೋ ಅಂತ ಹೆದರಿಕೆ.

ನೀವಿನ್ನೂ ಮಲಗಿದ್ದೀರಿ. ಈಗಷ್ಟೇ ಚಪ್ಪಲಿ ಹಾಕ್ಕೊಂಡು, ನಿಮ್ಮ ಬಾಗಿಲ ಮುಂದೆ ನಿಂತು ಇಷ್ಟು ದಿನ ಹೇಳದ ಆ ಮಾತನ್ನ ಗಟ್ಟಿಯಾಗಿ ಹೇಳಿದೆ. ಕೇಳಿಸಿತೋ ಇಲ್ಲವೋ, ಅದಕ್ಕೇ ಇಲ್ಲೂ ಬರೀತಿದ್ದೀನಿ:

ಅಪ್ಪಾ, ನಿಮ್ಮ ಕೈ ನಡುಗುತ್ತೆ.