ನೀಲಿ ಟೇಪಿನ ಮಚ್ಚು

ಸೆಪ್ಟೆಂಬರ್ 27, ಶನಿವಾರ

ಆಯುಧಪೂಜೆಗೆ ಬೂದುಗುಂಬಳ, ಬಾಳೆಕಂದು ತರಬೇಕು. ನಿಮ್ಮಪ್ಪನ ಕಾರು ತೊಳಿ ಅಂತ ಮಗ ಭೂಷಣನಿಗೆ ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಹದಿನೇಳು ತುಂಬಿದ್ದೇ ತುಂಬಿದ್ದು, ದೊಡ್ಡ ದೊರೆ!

ಪಕ್ಕದ ಮನೆ ಕೀರ್ತನಾ ಅವನ ಹುಟ್ಟುಹಬ್ಬದ ರೀಲ್ಸ್ ತೋರಿಸಿದಳು. ನಡುರಸ್ತೆ. ಬೈಕ್ ಸೀಟಿನ ಮೇಲೆ ಕೇಕು. ಕತ್ತರಿಸುತ್ತಿರುವುದು ಮಚ್ಚಿನಲ್ಲಿ — ಹಿಡಿಗೆ ನೀಲಿ ಟೇಪು. ಚೆನ್ನಾಗಿ ಬೈದೆ.

"ಫ್ರೆಂಡ್‌ದು ಕಣಮ್ಮ. ಎಲ್ರೂ ಮಾಡ್ತಾರೆ, ಟ್ರೆಂಡು."

ಟ್ರೆಂಡಂತೆ. ನನ್ನ ತಲೆ.

ಸೆಪ್ಟೆಂಬರ್ 29, ಸೋಮವಾರ

ನಮ್ಮ ಮಹಡಿಯ ಬಾಡಿಗೆ ಮನೆ ದಾನಮ್ಮನ ಮಗ ರುದ್ರೇಶ, ಪಾಪ, ಡೆಲಿವರಿ ಕೆಲಸದವನು... ನಿನ್ನೆ ಶ್ರೀಗಂಧದ ಕಾವಲ್ ಹತ್ತಿರ ಕೊಚ್ಚಿ ಹಾಕಿದ್ದಾರೆ. ಐಸಿಯು. ಪ್ರಜ್ಞೆಯಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹುಡುಗರಂತೆ.

ಟಿವಿಯಲ್ಲಿ ಅದೇ ಚರ್ಚೆ. ಮೀಸೆ ಮೂಡದವರೇ ಕೊಲೆಗೆ ಇಳಿಯುತ್ತಿದ್ದಾರೆ ಅಂತ. ಅತ್ತೆ ಆಫ್ ಮಾಡಿದರು. "ಹೆತ್ತೋರು ಏನ್ ಕಡ್ದು ಕಟ್ಟೆ ಹಾಕ್ತಿದ್ರೋ!"

ನಾನೂ ಹೂಂ ಅಂದೆ.

ಭೂಷಣ ಊಟ ಮಾಡಲಿಲ್ಲ. ಜ್ವರವಂತೆ.

ಅಕ್ಟೋಬರ್ 1, ಬುಧವಾರ

ಪೂಜೆ ಆಯಿತು. ಆಯಿತೇನು...

ಹಬ್ಬ ಬಂತೆಂದರೆ ಅತ್ತೆ ಮನೆಯ ಕಬ್ಬಿಣವನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ಹೊಲವಿದ್ದ ಕಾಲದ ಅಭ್ಯಾಸ. ಗುದ್ದಲಿ, ಕುಡುಗೋಲು, ಈಳಿಗೆಮಣೆ. ಸಾಲಿನ ಕೊನೆಗೆ ಒಂದು ಮಚ್ಚು. ಅರಿಶಿನ, ಕುಂಕುಮ, ಚೆಂಡುಹೂವು. ಹಿಡಿಗೆ ನೀಲಿ ಟೇಪು.

"ಅತ್ತೆ, ಇದೆಲ್ಲಿತ್ತು?"

"ಅಟ್ಟದ ಮೇಲೆ ಕಣಮ್ಮ, ಗೋಣಿಚೀಲದಲ್ಲಿ. ನಿಮ್ಮಾವಂದೇ ಇರ್ಬೇಕು. ತುಕ್ಕೋ ತುಕ್ಕು! ನೀರೆಲ್ಲ ಕೆಂಪಗಾಯ್ತು."

ಅಷ್ಟರಲ್ಲಿ ದಾನಮ್ಮ ಆಸ್ಪತ್ರೆಯಿಂದ ಬಂದಳು. ಅತ್ತೆ ಕುಂಕುಮಕ್ಕೆ ಕರೆದರು. ಆ ಸಾಲಿನ ಮುಂದೆಯೇ ಅಡ್ಡಬಿದ್ದಳು. "ನನ್ ಮಗನ ಜೀವಾ ಉಳಸ್ ತಾಯಿ!" ಅವಳ ಹಣೆಗೂ ಮಚ್ಚಿಗೂ ಗೇಣು ದೂರ. ನಾನು ನೋಡುತ್ತ ನಿಂತಿದ್ದೆ. ಥೂ ನನ್ನ ಜನ್ಮಕ್ಕೆ.

ಸಂಜೆ —

ಭೂಷಣ ಒಪ್ಪಿಕೊಂಡ. ರೀಲ್ಸ್ ಕೆಳಗೆ ರುದ್ರೇಶ "ಮನೀಗೆ ಹೋಗಿ ಹೋಮ್‌ವರ್ಕ್ ಮಾಡು ತಮ್ಮಾ" ಅಂತ ಬರೆದಿದ್ದನಂತೆ. ಎಲ್ಲರೂ ನಕ್ಕರಂತೆ. ಅಷ್ಟಕ್ಕೆ!

"ಹೆದರ್ಸೋಣ ಅಂತ ಹೋದ್ವಿ ಅಮ್ಮ... ಕೈ ನಿಲ್ಲಲಿಲ್ಲ."

ಇವರು ಹೇಳುತ್ತಾರೆ, "ಮೈನರ್ ಕಣೇ ಅವ್ನು. ಬಾಯ್ಮುಚ್ಕೊಂಡಿರು. ಹೆಂಗೂ ಅವ್ವ ತೊಳ್ದಾಯ್ತಲ್ಲ."

ತೊಳೆದಾಯಿತಂತೆ.

ಅಕ್ಟೋಬರ್ 2, ವಿಜಯದಶಮಿ

ದಾನಮ್ಮ ಓಡಿ ಬಂದಳು. "ಅಕ್ಕಾರ, ರುದ್ರ ಕಣ್ ತೆರದಾನ್ರೀ!"

ಖುಷಿಯಾಯಿತು, ದೇವರಾಣೆ. ಮರುಕ್ಷಣವೇ — ಅವನು ಮಾತಾಡಿಬಿಟ್ಟರೆ? ಅಷ್ಟು ನೀಚಳಾದೆ ನಾನು.

ಅವರ ಊರ ಕಡೆ ಇವತ್ತು ಬನ್ನಿ ಎಲೆ ಹಂಚುತ್ತಾರೆ. ನಮಗೆಲ್ಲ ಕೊಟ್ಟಳು. ಮೂಲೆಯಲ್ಲಿದ್ದ ಭೂಷಣನ ಕೈಯನ್ನು ತಾನೇ ಎಳೆದು ಇಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರಪಾ."

ಅವಳು ಹೋದ ಮೇಲೂ ಅವನು ಮುಷ್ಟಿ ಬಿಚ್ಚಲಿಲ್ಲ. ಆಮೇಲೆ ಅಂದ, "ಅಮ್ಮಾ, ಸ್ಟೇಷನ್‌ಗೆ ನೀನೂ ಬರ್ತೀಯಾ?"

ಬರ್ತೀನಿ ಕಣೋ.

ಇವರು ಬಾಗಿಲಿಗೆ ಅಡ್ಡ ನಿಂತು ಕೂಗಾಡುತ್ತಿದ್ದಾರೆ. ಕೂಗಾಡಲಿ. ಮಚ್ಚನ್ನು ಕುಂಕುಮದ ಸಮೇತ ಹಳೆ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಸ್ಟೇಷನ್‌ಗೆ ಹೋಗುವ ಮೊದಲು ಮಹಡಿ ಹತ್ತಬೇಕು. ಪೊಲೀಸರಿಂದಲ್ಲ, ಅವಳಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು. ಹೇಗೆ ಶುರು ಮಾಡುವುದು? ಇಲ್ಲಿ ಒಂದು ಸಲ ಬರೆದುಕೊಂಡರೆ ಬಾಯಿಗೆ ಬಂದೀತು.

ದಾನಮ್ಮಾ, ನಿಮ್ಮ ರುದ್ರನನ್ನು ನನ್ನ...