ಸುಡದ ಸಿಪ್ಪೆ

ಎಕ್ಕಂಬಿ, ಸೋಮವಾರ ಬೆಳಿಗ್ಗೆ

ಸಂಜಯ ಸರ್ ಅವರಿಗೆ ರಕ್ಷಿತಾಳ ನಮಸ್ಕಾರ.

ಜನ ಸುಟ್ಟುಹಾಕುವ ಅಡಿಕೆ ಸಿಪ್ಪೆಯಿಂದ ಮಾತ್ರ ನಮ್ಮ ಘಟಕ ಎಣ್ಣೆ ತೆಗೆಯಬೇಕು ಎಂಬುದು ನಿಯಮ. ಇಲ್ಲಿನ ರೈತ ಮಹಿಳೆ ಹೊನ್ನಿಯಮ್ಮನ ಹೆಸರಿನ ನಮೂನೆಯಲ್ಲಿ ‘ಪ್ರತಿವರ್ಷ ಸುಡುತ್ತಾರೆ’ ಎಂದು ನಾನೇ ಬರೆದು ಸಹಿ ಮಾಡಿದೆ, ಅವರನ್ನು ಕೇಳದೆ. ನಿನ್ನೆ ಲಾರಿ ತುಂಬಿದ ಮೇಲೆ ಕೇಳಿದೆ.

“ಸುಡೂದೆಂತಕ್ಕೆ ತಂಗೀ? ಶುಂಠಿ ಬುಡಕ್ಕೆ ಮುಚ್ತಿದ್ದೆ. ನೀ ಸಿಪ್ಪೆ ಬೇಕು ಅಂದೆ ಅಂತ ಕೊಟ್ಟೆ,” ಎಂದರು.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಾವು ತಡೆದೆವೆಂದು ಹೇಳಿಕೊಳ್ಳುವ ಹೊಗೆ ಅಲ್ಲಿ ಇರಲೇ ಇಲ್ಲ ಸರ್. ಅವರ ಶುಂಠಿ ಮಾತ್ರ ಮುಚ್ಚಿಗೆಯಿಲ್ಲದೆ ಬಿಸಿಲಿಗೆ ಒಣಗುತ್ತಿತ್ತು.

ಆ ಲೋಡನ್ನು ಡ್ರೈವರ್ ಅಸ್ಲಂ ಅಣ್ಣನಿಗೆ ಹೇಳಿ ಹೊನ್ನಿಯಮ್ಮನ ಗದ್ದೆಯಲ್ಲೇ ಇಳಿಸಿದ್ದೇನೆ. ನಿಮ್ಮ ಅಪ್ಪಣೆ ಪಡೆಯಲಿಲ್ಲ, ಏನು ಕ್ರಮವಾದರೂ ತೆಗೆದುಕೊಳ್ಳಿ. ಸಿಪ್ಪೆ ಕೊಟ್ಟ ಉಳಿದ ಹದಿನಾರು ಮನೆಗಳಲ್ಲೂ ಹೀಗೆಯೇ ಕೇಳದೆ ಬರೆದಿದ್ದೇನೆ. ಅವರನ್ನೆಲ್ಲ ಕೇಳಲು ಈಗಲೇ ಭೈರುಂಬೆ ಬಸ್ಸು ಹತ್ತುತ್ತಿದ್ದೇನೆ. ನಾನು ಬರುವವರೆಗೆ ದಯವಿಟ್ಟು ಯಂತ್ರ ಚಾಲೂ ಮಾಡಬೇಡಿ.

ಇಂತಿ,
ರಕ್ಷಿತಾ